ಕೂಲರ್ ತಿರುಗ್ತದ, ಮನಿ ತಂಪಾಗಲ್ಲ: ದೋಷ ಹುಡುಕುವ ಕ್ರಮ

ಮಾರ್ಚ್ ಮುಗಿಯುವ ಹೊತ್ತಿಗೆ ರಾಯಚೂರಿನ ರಿಪೇರಿ ಅಂಗಡಿಗಳಿಗೆ ಬರುವ ದೂರು ಹೆಚ್ಚುಕಡಿಮೆ ಒಂದೇ. "ಅಣ್ಣಾ, ಫ್ಯಾನ್ ಜೋರಾಗೇ ತಿರುಗ್ತದ, ನೀರೂ ತುಂಬೀವಿ, ಆದ್ರ ಗಾಳಿ ಬಿಸೀನೇ ಬರಾಕತ್ತದ. ಮೋಟರ್ ಹೋಗ್ಯದೇನ್ ನೋಡು." ಮೋಟರ್ ಹೋಗಿದ್ದರೆ ಫ್ಯಾನ್ ಯಾಕೆ ತಿರುಗುತ್ತಿತ್ತು? ಆದರೂ ಅನುಮಾನ ಮೊದಲು ಬೀಳುವುದು ಮೋಟರಿನ ಮೇಲೆ, ಆಮೇಲೆ ಬದಿಗಳಲ್ಲಿ ನೀರು ಹೀರಿ ಒದ್ದೆಯಾಗುವ ಪ್ಯಾಡಿನ ಮೇಲೆ. ದುಡ್ಡು ಕೊಟ್ಟು ಹೊಸ ಪ್ಯಾಡ್ ಹಾಕಿಸಿ, ಮನೆಗೆ ಒಯ್ದು ಹಚ್ಚಿದರೆ ಮತ್ತೆ ಅದೇ ಬಿಸಿ. ನಾನು ನೋಡಿದ ಇಂಥ ಕೂಲರ್‌ಗಳಲ್ಲಿ ಬಹಳಷ್ಟಕ್ಕೆ ಸ್ಕ್ರೂಡ್ರೈವರ್ ಬೇಕಾಗಿಯೇ ಇರಲಿಲ್ಲ. ದೋಷ ಇದ್ದದ್ದು ಅದು ಕೂತ ಕೋಣೆಯಲ್ಲಿ, ಇಲ್ಲವೇ ಅದಕ್ಕೆ ಹಾಕಿದ ನೀರಿನಲ್ಲಿ. ಅದಕ್ಕೇ ಹುಡುಕಾಟ ಹೊರಗಿನಿಂದ ಶುರುವಾಗಿ ಒಳಗೆ ಹೋಗಬೇಕು. ಮೋಟರಿನ ಸರದಿ ಕಟ್ಟಕಡೆಗೆ.

ಒಂದು ಮಾತು ಮೊದಲೇ. ಕೆಳಗೆ ಎಲ್ಲೆಲ್ಲಿ ಮುಟ್ಟಿ ನೋಡಿ ಎಂದಿದೆಯೋ ಅಲ್ಲೆಲ್ಲ ಪ್ಲಗ್ ಕಿತ್ತ ಮೇಲೆ ಎಂದೇ ಓದಿಕೊಳ್ಳಿ. ಸ್ವಿಚ್ ಆರಿಸಿದರೆ ಸಾಲದು. ಹಳೆಯ ವೈರಿಂಗಿನ ಮನೆಗಳಲ್ಲಿ ಒಮ್ಮೊಮ್ಮೆ ಸ್ವಿಚ್ ನ್ಯೂಟ್ರಲ್ ತಂತಿಗೆ ಬಿದ್ದಿರುತ್ತದೆ; ಸ್ವಿಚ್ ಆರಿದ್ದರೂ ಕೂಲರಿನೊಳಗೆ ಫೇಸ್, ಅಂದರೆ ಜೀವಂತ ಕರೆಂಟ್, ಕೂತೇ ಇರುತ್ತದೆ.

ಟ್ಯಾಂಕಿನ ನೀರಿಗೆ ಬೆರಳು

ಕೂಲರನ್ನು ಪಂಪ್ ಸಮೇತ ಅರ್ಧ ಗಂಟೆ ಓಡಿಸಿ. ಪ್ಲಗ್ ಕೀಳಿ. ಟ್ಯಾಂಕಿನ ನೀರಿಗೆ ಬೆರಳು ಅದ್ದಿ ನೋಡಿ. ದೋಷ ಯಾವ ಕಡೆ ಇದೆ ಎಂದು ಹೇಳಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಕೂಲರ್ ತಂಪು ಮಾಡುವುದು ನೀರನ್ನು ಆವಿ ಮಾಡಿ. ಪ್ಯಾಡಿನ ಮೇಲೆ ಹರಿಯುವ ನೀರಿನಲ್ಲಿ ಒಂದಿಷ್ಟು ಆವಿಯಾಗುತ್ತದೆ, ಅದಕ್ಕೆ ಬೇಕಾದ ಶಾಖವನ್ನು ಗಾಳಿಯಿಂದ ಎಳೆದುಕೊಳ್ಳುತ್ತದೆ, ಉಳಿದ ನೀರು ತಣ್ಣಗಾಗಿ ಟ್ಯಾಂಕಿಗೆ ಇಳಿಯುತ್ತದೆ. ಹಾಗಾಗಿ ಕೆಲಸ ಸರಿಯಾಗಿ ನಡೆದಿದ್ದರೆ, ಮಾಳಿಗೆ ಮೇಲಿನ ಕರಿ ಟ್ಯಾಂಕಿನಿಂದ ಬಂದ ಸುಡು ನೀರು ತುಂಬಿದ್ದರೂ ಅರ್ಧ ಗಂಟೆಯಲ್ಲಿ ಅದು ಕೈಗೆ ಹಿತವಾಗಿ ತಣ್ಣಗಿರಬೇಕು.

ನೀರು ಇನ್ನೂ ಬೆಚ್ಚಗೇ ಇದ್ದರೆ ಪ್ಯಾಡಿನ ಮೇಲೆ ಆವಿಯಾಗುವ ಕೆಲಸವೇ ನಡೆದಿಲ್ಲ. ಪಂಪು, ನೀರಿನ ಪೈಪು, ಪ್ಯಾಡು, ಈ ಮೂರರಲ್ಲಿ ಹುಡುಕಿ. ನೀರು ತಣ್ಣಗಿದೆ, ಕೂಲರಿನ ಬಾಯಿಂದ ಬರುವ ಗಾಳಿ ಮಾತ್ರ ಬಿಸಿ ಎಂದಾದರೆ ಗಾಳಿ ಪ್ಯಾಡನ್ನು ತಪ್ಪಿಸಿ ಎಲ್ಲೋ ಸಂದಿಯಿಂದ ನುಗ್ಗುತ್ತಿದೆ. ನೀರೂ ತಣ್ಣಗೆ, ಗಾಳಿಯೂ ತಣ್ಣಗೆ, ಆದರೂ ಮೈ ಬೆವರುತ್ತದೆ ಎಂದರೆ ಕೂಲರನ್ನು ಬಿಟ್ಟುಬಿಡಿ, ಕೋಣೆಯನ್ನು ನೋಡಿ.

ಐಸ್ ಹಾಕುವವರಿಗೆ ಇಲ್ಲಿ ಒಂದು ಲೆಕ್ಕ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2400 ಕಿಲೋಜೂಲ್ ಶಾಖ ಹೀರುತ್ತದೆ. ಕರೆಂಟಿನ ಲೆಕ್ಕದಲ್ಲಿ ಹೇಳಿದರೆ ಒಂದು ಯೂನಿಟ್ಟಿನ ಮೂರರಲ್ಲಿ ಎರಡು ಪಾಲು. ಒಂದು ಕಿಲೋ ಐಸ್ ಕರಗುವಾಗ ಹೀರುವುದು 334 ಕಿಲೋಜೂಲ್, ಅಂದರೆ ಅದರ ಏಳನೇ ಒಂದು ಪಾಲು. ಗಂಜ್ ಕಡೆಯಿಂದ ಐಸ್ ಹೊತ್ತು ತಂದು ಟ್ಯಾಂಕಿಗೆ ಸುರಿದರೆ ಮೊದಲ ಹತ್ತು ನಿಮಿಷ ಮನಸ್ಸಿಗೆ ಸಮಾಧಾನ, ಅಷ್ಟೇ. ಟ್ಯಾಂಕಿನ ನೀರು ಬಿಸಿ ಇದೆ, ಅದಕ್ಕೇ ಗಾಳಿ ಬಿಸಿ ಎಂಬ ಮಾತೂ ಹಾಗೆಯೇ: 40 ಡಿಗ್ರಿಯ ಒಂದು ಲೀಟರ್ ನೀರನ್ನು 25ಕ್ಕೆ ಇಳಿಸಲು 63 ಕಿಲೋಜೂಲ್ ಸಾಕು. ಕೂಲರಿಗೆ ಅದು ಲೆಕ್ಕಕ್ಕೇ ಇಲ್ಲ.

ಕೂಲರ್ ಸರಿ, ಕೋಣೆ ತಪ್ಪು

ಮಂತ್ರಾಲಯ ರಸ್ತೆ ಕಡೆಯ ಒಂದು ಮನೆಗೆ ಕರೆದಿದ್ದರು. ಹೊಸ ಕೂಲರ್, ಕೋಣೆಯ ನಡುವೆ ಮಂಚದ ಪಕ್ಕ ನಿಲ್ಲಿಸಿದ್ದರು. ಕಿಟಕಿಗೆ ಎರಡು ಮಡಿಕೆ ಬೆಡ್‌ಶೀಟು, ಬಾಗಿಲಿನ ಕೆಳಗೆ ಮಡಿಸಿ ತುರುಕಿದ ಗೋಣಿಚೀಲ. ಒಳಗೆ ಕಾಲಿಟ್ಟ ಕೂಡಲೇ ಅಂಗಿ ಬೆನ್ನಿಗೆ ಅಂಟಿತು. ಗೋಡೆಯ ಕ್ಯಾಲೆಂಡರಿನ ಹಾಳೆಗಳು ಮುದುಡಿ ಮೇಲೆದ್ದಿದ್ದವು. ಮಂಚದ ಕೆಳಗಿನ ಡಬ್ಬಿಯಲ್ಲಿ ಹೋದ ವಾರ ಒಣಗಿಸಿಟ್ಟ ಹಪ್ಪಳ ಬಟ್ಟೆಯ ಹಾಗೆ ಬಾಗುತ್ತಿದ್ದವು. "ತಂಪು ಹೊರಗ ಹೋಗಬಾರ್ದು ಅಂತ ಎಲ್ಲಾ ಕಡೆ ಮುಚ್ಚೀವಪ್ಪಾ" ಅಂದರು ಆ ಮನೆಯ ಹಿರಿಯಾಕೆ. "ಅವ್ವಾ, ಆ ಕಿಟಕಿ ತೆಗೀರಿ" ಅಂದರೆ, "ಬಿಸಿಲನ್ನ ಒಳಗ ಕರೀತಿಯೇನು?" ಎಂದು ನನ್ನನ್ನೇ ಕೇಳಿದರು.

ಎಸಿ ಇರುವ ಕೋಣೆಯನ್ನು ಮುಚ್ಚಬೇಕು, ಕೂಲರ್ ಇರುವ ಕೋಣೆಯನ್ನು ತೆರೆಯಬೇಕು. ಎಸಿ ಒಳಗಿನ ಗಾಳಿಯನ್ನೇ ಸುತ್ತಿಸಿ ಅದರ ತೇವವನ್ನೂ ಹಿಂಡಿ ಹೊರಗೆ ಹಾಕುತ್ತದೆ. ಕೂಲರ್ ಮಾಡುವುದು ಇದರ ತದ್ವಿರುದ್ಧ: ಗಂಟೆಗೆ ಲೀಟರ್‌ಗಟ್ಟಲೆ ನೀರನ್ನು ಗಾಳಿಗೆ ಸೇರಿಸುತ್ತದೆ. ಆ ಗಾಳಿ ಹೊರಗೆ ಹೋಗದೆ ಮತ್ತೆ ಅದೇ ಪ್ಯಾಡಿಗೆ ಹೊಕ್ಕರೆ ಅದರಲ್ಲಿ ಇನ್ನಷ್ಟು ನೀರು ಆವಿಯಾಗಲು ಜಾಗವೇ ಇರುವುದಿಲ್ಲ. ಹಪ್ಪಳ ಮೆತ್ತಗಾಗುವುದು, ಅಡುಗೆಮನೆಯ ಉಪ್ಪು ಒದ್ದೆಯಾಗುವುದು, ನೆಲ ಜಿಡ್ಡೆನಿಸುವುದು, ಇವು ಕಂಡರೆ ಬೇರೆ ಪರೀಕ್ಷೆಯೇ ಬೇಡ.

ಕೂಲರಿನ ಬೆನ್ನು ಹೊರಗಿನ ಗಾಳಿಗೆ ಇರಬೇಕು. ಕಿಟಕಿಗೆ ಹೊರಗಿನಿಂದ ಕೂರಿಸುವುದು ಉತ್ತಮ. ಆಗದಿದ್ದರೆ ತೆರೆದ ಕಿಟಕಿ ಅಥವಾ ಬಾಗಿಲಿಗೆ ಬೆನ್ನು ತಾಗುವಷ್ಟು ಹತ್ತಿರ ಇಡಿ. ಎದುರುಗಡೆ ಗಾಳಿ ಹೋಗಲು ದಾರಿ ಬೇಕು, ಅದು ಕೂಲರಿನ ಬಾಯಿಗಿಂತ ಚಿಕ್ಕದಿರಬಾರದು, ದೊಡ್ಡದಿದ್ದಷ್ಟೂ ಒಳ್ಳೆಯದು. ದಾರಿ ಸಾಕೇ ಎಂದು ತಿಳಿಯಲು ತೆಳು ಕಾಗದದ ಪಟ್ಟಿಯೊಂದನ್ನು ಆ ಸಂದಿಗೆ ಹಿಡಿಯಿರಿ. ಕಾಗದ ಹೊರಮುಖವಾಗಿ ಹಾರಬೇಕು. ಸುಮ್ಮನೆ ಜೋತು ಬಿದ್ದರೆ ಇನ್ನಷ್ಟು ತೆರೆಯಿರಿ. ಬಾಗಿಲು ತಾನಾಗಿ ದಡಾರ್ ಎಂದು ಬಡಿದುಕೊಳ್ಳುತ್ತಿದ್ದರೆ ಒಳಗೆ ಗಾಳಿ ಒತ್ತಿಕೊಂಡಿದೆ, ದಾರಿ ಸಾಲದು ಎಂದೇ ಅರ್ಥ.

ಕೂಲರ್ ಹೊರಗಿದ್ದರೂ ತಪ್ಪಾಗಬಹುದು. ಪಡುವಣ ಬಿಸಿಲು ನೇರ ಪ್ಯಾಡಿಗೆ ಬೀಳುವ ಜಾಗ, ಪಕ್ಕದ ಮನೆಯ ಎಸಿ ಬಿಸಿ ಗಾಳಿ ಉಗುಳುವ ಜಾಗ, ಬಚ್ಚಲ ಒಲೆಯ ಹೊಗೆ ಬರುವ ಜಾಗ, ಇವೆಲ್ಲ ಬೇಡ. ನೆರಳಿಗೆ ಒಂದು ಚಪ್ಪರ ಹಾಕಿ, ಆದರೆ ಪ್ಯಾಡಿಗೆ ಅಂಟಿಸಿದಂತೆ ತಾಡಪಾಲು ಕಟ್ಟಬೇಡಿ. ಗಾಳಿ ಎಳೆಯಲು ಮೂರೂ ಬದಿ ಒಂದೆರಡು ಅಡಿ ಬಯಲು ಬೇಕು.

ತಗಡಿನ ಮನೆಯವರು ಮತ್ತು ಮೇಲಿನ ಮಹಡಿಯವರು ಕೂಲರಿನಿಂದ ಪವಾಡ ಬಯಸುತ್ತಾರೆ. ಮಧ್ಯಾಹ್ನ ಕಾದ ಸ್ಲ್ಯಾಬ್ ಸಂಜೆ ಏಳರಿಂದ ನಡುರಾತ್ರಿಯವರೆಗೆ ಒಳಗೆ ಶಾಖ ಕಕ್ಕುತ್ತಲೇ ಇರುತ್ತದೆ. ಆಗ ಬರುವ ದೂರು, "ಮಧ್ಯಾಹ್ನಕ್ಕಿಂತ ರಾತ್ರಿ ಕೂಲರ್ ಕೆಡ್ತದ" ಎಂಬುದು, ಕೂಲರಿನದಲ್ಲ. ಮಾಳಿಗೆಗೆ ಸುಣ್ಣ ಬಳಿಯಿರಿ; ಅದು ದೊಡ್ಡ ಕೂಲರ್ ಕೊಳ್ಳುವುದಕ್ಕಿಂತ ಅಗ್ಗ, ಪರಿಣಾಮ ಹೆಚ್ಚು. ಮಣ್ಣಿನ ಮಾಳಿಗೆ ಇರುವವರಿಗೆ ಈ ಗೋಳು ಕಡಿಮೆ.

ಇವತ್ತು ಎಷ್ಟು ತಂಪು ಸಿಕ್ಕೀತು

ಗೋಡೆಗೆ ತೂಗುಹಾಕುವ ಸಾದಾ ಥರ್ಮಾಮೀಟರ್ ಒಂದಿದ್ದರೆ ಇದನ್ನು ಮನೆಯಲ್ಲೇ ಅಳೆಯಬಹುದು. ಜ್ವರ ನೋಡುವುದು ನಡೆಯುವುದಿಲ್ಲ. ಮೊದಲು ನೆರಳಿನಲ್ಲಿ ಹೊರಗಿನ ಗಾಳಿ ಎಷ್ಟು ಡಿಗ್ರಿ ಎಂದು ಬರೆದುಕೊಳ್ಳಿ. ಆಮೇಲೆ ಅದರ ಬುರುಡೆಗೆ ತೆಳು ಹತ್ತಿ ಬಟ್ಟೆ ಸುತ್ತಿ, ಒದ್ದೆ ಮಾಡಿ, ಅದೇ ನೆರಳಿನಲ್ಲಿ ಟೇಬಲ್ ಫ್ಯಾನಿನ ಮುಂದೆ ಐದು ನಿಮಿಷ ಹಿಡಿಯಿರಿ. ಪಾದರಸ ಇಳಿದು ನಿಂತ ಜಾಗವೇ ಆ ಹೊತ್ತಿಗೆ ಯಾವ ಕೂಲರಿನಿಂದಲೂ ದಾಟಲಾಗದ ಗೆರೆ. ಒಳ್ಳೆಯ ಪ್ಯಾಡ್ ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಮುಕ್ಕಾಲು ಪಾಲಿನಷ್ಟು ಇಳಿಸುತ್ತದೆ.

ನಮ್ಮ ಕಡೆ ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ, ಗಾಳಿಯಲ್ಲಿ ತೇವಾಂಶ ಶೇ. 20 ಎಂದಿಟ್ಟುಕೊಳ್ಳಿ. ಒದ್ದೆ ಬಟ್ಟೆಯ ಥರ್ಮಾಮೀಟರ್ 24ರ ಸುಮಾರಿಗೆ ನಿಲ್ಲುತ್ತದೆ. ಅಂತರ 18, ಅದರ ಮುಕ್ಕಾಲು ಹದಿಮೂರೂವರೆ. ಕೂಲರಿನ ಬಾಯಲ್ಲಿ 28–29 ಡಿಗ್ರಿ ಬಂದರೆ ಯಂತ್ರ ನೂರಕ್ಕೆ ನೂರು ಸರಿ ಇದೆ. 35 ಬಂದರೆ ದೋಷ ಇದೆ, ಮುಂದೆ ಹುಡುಕಿ. ಅದೇ ಮಳೆ ಬಿದ್ದ ಮೇಲೆ 34 ಡಿಗ್ರಿ, ತೇವಾಂಶ ಶೇ. 60 ಇರುವ ದಿನ ಗೆರೆ 27–28ಕ್ಕೇ ನಿಲ್ಲುತ್ತದೆ. ಕೂಲರ್ ಕೊಡುವುದು ಐದು ಡಿಗ್ರಿ ಇಳಿತ ಮಾತ್ರ. ಜುಲೈನಲ್ಲಿ "ಬ್ಯಾಸಿಗ್ಯಾಗ ಚೊಲೊ ಇತ್ತು, ಈಗ ಕೆಟ್ಟದ" ಎಂದು ಕೂಲರ್ ಹೊತ್ತು ತರುವವರಿಗೆ ನಾನು ಹೇಳುವುದು ಇಷ್ಟೇ: ಪಂಪ್ ಬಂದ್ ಮಾಡಿ, ಬರೇ ಫ್ಯಾನ್ ಓಡಿಸಿ. ಗಂಗಾವತಿ, ಕಾರಟಗಿ, ಸಿಂಧನೂರಿನ ಕಡೆ ಭತ್ತದ ಗದ್ದೆಗಳಲ್ಲಿ ನೀರು ನಿಂತಿರುವಾಗ ಗದ್ದೆಗೆ ಅಂಟಿದ ಮನೆಗಳಲ್ಲಿ ಸಂಜೆಯ ಗಾಳಿ ಲಿಂಗಸುಗೂರಿನ ಒಣ ಗಾಳಿಯ ಹಾಗಿರುವುದಿಲ್ಲ. ಅಲ್ಲಿಯ ಬೀಗರ ಮನೆಯ ಕೂಲರಿಗೂ ನಿಮ್ಮದಕ್ಕೂ ಹೋಲಿಸಿ ಜಗಳ ಮಾಡಬೇಡಿ.

ಪಂಪು, ಪೈಪು, ಪ್ಯಾಡು, ಎಲ್ಲಕ್ಕೂ ಮೂಲ ಸವಳು ನೀರು

ಟ್ಯಾಂಕಿನ ನೀರು ಬೆಚ್ಚಗಿದ್ದವರು ಈಗ ಇಲ್ಲಿಗೆ ಬನ್ನಿ. ಪ್ಯಾಡಿನ ಚೌಕಟ್ಟು ಬಿಚ್ಚಿ ಪಕ್ಕಕ್ಕಿಟ್ಟು ಅಂಗೈ ಹಿಂಭಾಗದಿಂದ ಮೇಲಿನಿಂದ ಕೆಳಗೆ ಸವರಿ. ಒಂದೇ ಸಮ ಒದ್ದೆ ಇರಬೇಕು. ಸಾಮಾನ್ಯವಾಗಿ ಸಿಗುವುದು ಒದ್ದೆ, ಒಣ, ಒದ್ದೆ ಎಂದು ಉದ್ದುದ್ದ ಪಟ್ಟಿಗಳು. ಕಾಲು ಭಾಗ ಒಣಗಿದ್ದರೆ ಕಾಲು ಭಾಗದಷ್ಟು ಗಾಳಿ ಹೊರಗಿನ ಬಿಸಿಯನ್ನೇ ಒಳಗೆ ತರುತ್ತದೆ. ಸ್ವಲ್ಪ ಹೆಚ್ಚೇ ತರುತ್ತದೆ, ಏಕೆಂದರೆ ಒಣ ಜಾಗದಲ್ಲಿ ಗಾಳಿಗೆ ಅಡ್ಡಿ ಕಡಿಮೆ.

ಒಣ ಪಟ್ಟಿ ಇದ್ದರೆ ಮೇಲಿನ ನೀರಿನ ದೋಣಿಯ ತೂತು ಕಟ್ಟಿದೆ. ಸೈಕಲ್ ಕಡ್ಡಿಯಿಂದ ಒಂದೊಂದೇ ತೂತು ಬಿಡಿಸಿ, ದೋಣಿಯಲ್ಲಿ ಬಿದ್ದ ಸುಣ್ಣದ ಚಕ್ಕೆ ತೆಗೆಯಿರಿ, ಇಲ್ಲದಿದ್ದರೆ ಮರುದಿನ ಅದೇ ಚಕ್ಕೆ ಅದೇ ತೂತಿಗೆ ಬಂದು ಕೂರುತ್ತದೆ. ಕೂಲರ್ ಮಟ್ಟಸವಾಗಿ ನಿಂತಿದೆಯೇ ಎಂದೂ ನೋಡಿ. ಒಂದು ಬದಿ ವಾಲಿದರೆ ನೀರೆಲ್ಲ ಆ ಬದಿಗೆ ಹರಿದು ಇನ್ನೊಂದು ಬದಿ ಒಣಗುತ್ತದೆ; ಕಾಲಿನ ಕೆಳಗೆ ಹಲಗೆ ಚೂರು ಕೊಟ್ಟರೆ ಮುಗಿಯಿತು.

ಇಡೀ ಪ್ಯಾಡ್ ಒಣಗಿದ್ದರೆ ಪಂಪ್. ಸದ್ದು ಬರುತ್ತದೆ, ನೀರು ಏರುವುದಿಲ್ಲ ಎಂದರೆ ಪಂಪಿನ ಪುಟ್ಟ ರೆಕ್ಕೆಗೆ ಕೂದಲು, ಹುಲ್ಲು, ಸುಣ್ಣ ಸುತ್ತಿಕೊಂಡಿದೆ. ಮುಂದಿನ ಮುಚ್ಚಳ ಉಗುರಿನಿಂದಲೇ ಬಿಚ್ಚುತ್ತದೆ. ಅಗ್ಗದ ಪಂಪುಗಳಲ್ಲಿ ರೆಕ್ಕೆಯ ಜೊತೆ ಬೆರಳುದ್ದದ ಅಯಸ್ಕಾಂತದ ಕೋಲೂ ಹೊರಗೆ ಬರುತ್ತದೆ. ಎರಡನ್ನೂ ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರಿನಲ್ಲಿ ಒಂದು ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ವಾಪಸ್ ಹಾಕಿ. ಸದ್ದೇ ಇಲ್ಲದಿದ್ದರೆ ಪಂಪನ್ನು ಬದಲಿಸಿ, ಅದಕ್ಕೆ ರಿಪೇರಿ ಎಂಬುದಿಲ್ಲ. ನೀರಿಲ್ಲದೆ ಓಡಿದ ಪಂಪುಗಳೇ ಹೀಗೆ ಸಾಯುವುದು. ಟ್ಯಾಂಕ್ ಖಾಲಿಯಾದಾಗ ಪಂಪಿನ ಸ್ವಿಚ್ ಆರಿಸುವ ಅಭ್ಯಾಸ ಇಲ್ಲದ ಮನೆಯಲ್ಲಿ ಪ್ರತಿ ವರ್ಷ ಒಂದು ಪಂಪಿನ ಖರ್ಚು ಖಾಯಂ.

ಇನ್ನು ಪ್ಯಾಡ್. ಹುಲ್ಲಿನದಾದರೆ ತಿಂಗಳೆರಡರಲ್ಲಿ ಒದ್ದೆಯ ಭಾರಕ್ಕೆ ಕೆಳಗೆ ಜಗ್ಗಿ, ಮೇಲೆ ನಾಲ್ಕು ಬೆರಳಿನ ಸಂದಿ ಬಿಡುತ್ತದೆ. ಟ್ಯಾಂಕಿನ ನೀರು ತಣ್ಣಗಿದ್ದೂ ಗಾಳಿ ಬಿಸಿ ಬರುವ ಕೂಲರಿನಲ್ಲಿ ಮೊದಲು ಈ ಸಂದಿಯನ್ನೇ ಹುಡುಕಿ: ಬೆಳಕಿಗೆ ಹಿಡಿದರೆ ಕಾಣುತ್ತದೆ. ಇನ್ನೊಂದು ಹಿಡಿ ಹುಲ್ಲು ತುಂಬಿ ಜಾಳಿಗೆ ಬಿಗಿದು ಕಟ್ಟಿದರೆ ಸಾಕು. ಜೇನುಗೂಡಿನ ಹಾಗೆ ತೂತು ತೂತಾಗಿರುವ ಹನಿಕೂಂಬ್ ಪ್ಯಾಡ್ ಜಗ್ಗುವುದಿಲ್ಲ, ಆದರೆ ಅದರ ಸಣ್ಣ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ. ಬೆಳಕಿಗೆ ಹಿಡಿದು ಓರೆಯಾಗಿ ನೋಡಿ. ಅರ್ಧಕ್ಕಿಂತ ಹೆಚ್ಚು ಕೊಳವೆ ಮುಚ್ಚಿದ್ದರೆ ತೊಳೆದು ಉಪಯೋಗವಿಲ್ಲ. ತೊಳೆಯುವಾಗ ಬ್ರಷ್ ಹಾಕಿ ತಿಕ್ಕಬೇಡಿ, ಅದು ಮೂಲತಃ ಕಾಗದ. ಬಿಚ್ಚುವ ಮೊದಲು ಯಾವ ಮುಖ ಹೊರಗೆ, ಯಾವ ಬದಿ ಮೇಲೆ ಎಂದು ಪೆನ್ಸಿಲ್ಲಿನಿಂದ ಗುರುತು ಹಾಕಿ. ಕೊಳವೆಗಳ ಓರೆ ತಿರುವುಮುರುವಾದರೆ ನೀರು ಹನಿ ಹನಿಯಾಗಿ ಕೋಣೆಗೆ ಸಿಡಿಯುತ್ತದೆ. ಬಳ್ಳಾರಿ, ಸಂಡೂರಿನ ಕೆಂಧೂಳಿಗೂ ಕೊಪ್ಪಳದ ಗಿಣಿಗೇರಾ ಸುತ್ತಲಿನ ಕರಿಧೂಳಿಗೂ ಹನಿಕೂಂಬ್ ಬೇಗ ಕಟ್ಟುತ್ತದೆ. ಅಂಥ ಕಡೆ ವರ್ಷಕ್ಕೊಮ್ಮೆ ಬಿಸಾಡುವ ಹುಲ್ಲೇ ವಾಸಿ ಎಂಬುದು ನನ್ನ ಮತ, ಅಂಗಡಿಯವರು ಒಪ್ಪಲಿಕ್ಕಿಲ್ಲ.

ಈ ಎಲ್ಲ ಸುಣ್ಣ ಬರುವುದು ನೀರಿನಿಂದ. ರಾಯಚೂರಿಗೆ ಕೃಷ್ಣೆ, ತುಂಗಭದ್ರೆ ಎರಡರ ನೀರೂ ಬರುತ್ತದೆ. ಆದರೆ ನಳ ಬರುವ ದಿನ ಅದನ್ನು ಕುಡಿಯಲು ಹಿಡಿದಿಟ್ಟು ಕೂಲರಿಗೆ ಬೋರಿನ ಸವಳು ನೀರು ಹಾಕುತ್ತೇವೆ. ಆವಿಯಾಗುವುದು ಬರೀ ನೀರು, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ಐದು ಸಲ ಮೇಲಿಂದ ಮೇಲೆ ತುಂಬಿಸಿದರೆ ಐದು ಟ್ಯಾಂಕಿನ ಉಪ್ಪು ಒಂದು ಟ್ಯಾಂಕಿಗೆ ಸೇರುತ್ತದೆ. ಆದ್ದರಿಂದ ಎರಡು ಮೂರು ದಿನಕ್ಕೊಮ್ಮೆ ಉಳಿದ ನೀರನ್ನು ಪೂರ್ತಿ ಚೆಲ್ಲಿ ಹೊಸದು ತುಂಬಬೇಕು. ನೀರಿನ ತಾಪತ್ರಯ ಎಲ್ಲರಿಗೂ ಗೊತ್ತು; ಚೆಲ್ಲಿದ್ದನ್ನು ಅಂಗಳಕ್ಕೆ, ಪಾಯಖಾನೆಗೆ ಹಾಕಿ, ಕರಿಬೇವಿನ ಗಿಡಕ್ಕೆ ಮಾತ್ರ ಬೇಡ.

ಮನೆಯಲ್ಲಿ ಆರ್‌ಓ ಇರುವವರು ಅದರ ವೇಸ್ಟ್ ನೀರನ್ನು ಉಳಿತಾಯ ಎಂದು ಕೂಲರಿಗೆ ಸುರಿಯುತ್ತಾರೆ. ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಕೂಡಿರುವುದು ಅದರಲ್ಲೇ. ಕೂಲರಿಗೆ ಅದಕ್ಕಿಂತ ಕೆಟ್ಟ ನೀರು ಇನ್ನೊಂದಿಲ್ಲ. ಪಟಕ ಹಾಕಿದರೆ ಸವಳು ಹೋಗುತ್ತದೆ ಎಂಬುದೂ ಸುಳ್ಳು. ಪಟಕ ಕೂರಿಸುವುದು ಕೆಸರನ್ನು, ಕರಗಿದ ಉಪ್ಪನ್ನಲ್ಲ. ಕಟ್ಟಿದ ಸುಣ್ಣಕ್ಕೆ ನಿಂಬೆ ಉಪ್ಪು ಅಥವಾ ವಿನೆಗರ್ ಸಾಕು. ಪಾಯಖಾನೆ ತೊಳೆಯುವ ಆಸಿಡ್ ತಗಡಿನ ಟ್ಯಾಂಕನ್ನು ತಿನ್ನುತ್ತದೆ. ಅದರ ಜೊತೆ ಬ್ಲೀಚಿಂಗ್ ಪೌಡರ್ ಬಿದ್ದರಂತೂ ಕ್ಲೋರಿನ್ ಅನಿಲ ಎದ್ದು ಉಸಿರೇ ಕಟ್ಟುತ್ತದೆ, ಎರಡನ್ನೂ ಎಂದೂ ಕೂಡಿಸಬೇಡಿ.

ಮೀನಿನ ವಾಸನೆ ಬಂದರೆ ನೀರು ಕೊಳೆತಿದೆ. ಚೆಲ್ಲಿ, ಪ್ಯಾಡ್ ಬಿಸಿಲಿಗಿಡಿ. ಕಡೆಯ ಅರ್ಧ ಗಂಟೆ ಪಂಪ್ ಆರಿಸಿ ಬರೇ ಫ್ಯಾನ್ ಓಡಿಸಿ ಪ್ಯಾಡ್ ಒಣಗಿಸಿದರೆ ವಾಸನೆ ಮರಳಿ ಬರುವುದು ಕಡಿಮೆ. ವಾರಕ್ಕೊಮ್ಮೆ ಟ್ಯಾಂಕ್ ಖಾಲಿ ಮಾಡಿ ಒಣಗಿಸಲು ಆಶಾ ಕಾರ್ಯಕರ್ತೆಯರು ಹೇಳುವುದು ಡೆಂಗಿ ಸೊಳ್ಳೆಗಾಗಿ. ಅದರ ಮೊಟ್ಟೆ ನೀರಿನಲ್ಲಿ ತೇಲುವುದಿಲ್ಲ, ನೀರಿನ ಅಂಚಿನ ಗೋಡೆಗೆ ಅಂಟಿರುತ್ತದೆ. ಹಾಗಾಗಿ ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ನಾರಿನಿಂದ ತಿಕ್ಕಬೇಕು.

ಮುಟ್ಟಿದರೆ ಜುಮ್ ಅಂದರೆ

ತಗಡಿನ ಕೂಲರ್ ಮುಟ್ಟಿದಾಗ ಬೆರಳಿಗೆ ಜುಮ್ ಅಂದರೆ ಅಲ್ಲಿಗೆ ನಿಲ್ಲಿಸಿ. ಮೇನ್ ಆರಿಸಿ, ಪ್ಲಗ್ ಕೀಳಿ. "ಸ್ವಲ್ಪ ಜುಮ್ ಅಂತದ, ಚಪ್ಲಿ ಹಾಕ್ಕೊಂಡು ಮುಟ್ರಿ" ಎಂದು ಮನೆಮಂದಿಗೆಲ್ಲ ಕಲಿಸಿಕೊಟ್ಟು ಬೇಸಿಗೆ ಕಳೆಯುವ ಮನೆಗಳಿವೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಬರುವ ಮಗುವಿಗೆ ಆ ಪಾಠ ಗೊತ್ತಿರುವುದಿಲ್ಲ.

ಇಲ್ಲಿ ಎರಡು ದೋಷ ಒಟ್ಟಿಗೆ ಇರುತ್ತವೆ. ಒಂದು, ಪಂಪಿನ ಸೀಲ್ ಬಿಟ್ಟು ಅಥವಾ ವೈರಿನ ಮೈ ಸುಲಿದು ಕರೆಂಟ್ ತಗಡಿಗೆ ಹರಿಯುತ್ತಿದೆ. ಎರಡು, ಆ ಕರೆಂಟನ್ನು ನೆಲಕ್ಕೆ ಒಯ್ಯಬೇಕಾದ ಅರ್ಥಿಂಗ್ ಇಲ್ಲ. ಮೊದಲನೆಯದನ್ನು ಹುಡುಕುವುದು ಸುಲಭ: ಪಂಪಿನ ವೈರನ್ನು ಪೂರ್ತಿ ಬೇರ್ಪಡಿಸಿ, ಫ್ಯಾನ್ ಮಾತ್ರ ಹಚ್ಚಿ, ಟೆಸ್ಟರನ್ನು ತಗಡಿಗೆ ತಾಗಿಸಿ ನೋಡಿ. ದೀಪ ಆರಿದರೆ ಪಂಪ್ ಕಳ್ಳ, ಹೊಸದು ಹಾಕಿ. ಉರಿಯುತ್ತಲೇ ಇದ್ದರೆ ಮೋಟರ್ ಅಥವಾ ವೈರಿಂಗ್, ಮೆಕ್ಯಾನಿಕ್ಕಿಗೆ ಕೊಡಿ.

ಎರಡನೆಯದನ್ನು ಎಲೆಕ್ಟ್ರಿಷಿಯನ್ನನಿಂದಲೇ ನೋಡಿಸಿ. ಮೂರು ಪಿನ್ನಿನ ಸಾಕೆಟ್ ಇದೆ ಎಂದ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದಲ್ಲ. ಮೇಲಿನ ದೊಡ್ಡ ತೂತಿನ ಹಿಂದೆ ತಂತಿಯೇ ಇಲ್ಲದ ಸಾಕೆಟ್ ಬೇಕಾದಷ್ಟಿವೆ. ಫೇಸಿಗೂ ಆ ತೂತಿಗೂ ನಡುವೆ ಟೆಸ್ಟ್ ಲ್ಯಾಂಪ್ ಹಿಡಿದರೆ ಬಲ್ಬ್ ಪೂರ್ತಿ ಬೆಳಗಬೇಕು, ಇಲ್ಲವೇ ಮನೆಯಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇದ್ದರೆ ಅದು ಬೀಳಬೇಕು. ಮಂಕಾಗಿ ಉರಿದರೆ ಅರ್ಥ್ ಗುಂಡಿ ಒಣಗಿದೆ. ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟು ಗುಂಡಿಯೊಳಗಿನ ಪೈಪಿನಿಂದ ದೂರ ಸರಿಯುತ್ತದೆ. ಮಳೆಗಾಲದಲ್ಲಿ ಸರಿ ಇದ್ದ ಅರ್ಥಿಂಗ್ ಏಪ್ರಿಲ್‌ನಲ್ಲಿ, ಅಂದರೆ ಕೂಲರ್ ಹಗಲಿರುಳು ಓಡುವ ಹೊತ್ತಿನಲ್ಲೇ, ಕೈಕೊಡುತ್ತದೆ. ವಾರಕ್ಕೊಮ್ಮೆ ಎರಡು ಕೊಡ ನೀರು ಆ ಗುಂಡಿಗೆ ಹಾಕಿ. ಎಂಸಿಬಿ, ಅಂದರೆ ಲೋಡ್ ಹೆಚ್ಚಾದರೆ ಬೀಳುವ ಸ್ವಿಚ್, ಇದೆಯಲ್ಲ ಎಂದು ನಂಬಿ ಕೂರಬೇಡಿ. ಎಂಸಿಬಿ ಕಾಯುವುದು ವೈರನ್ನು. ಮನುಷ್ಯನನ್ನು ಕಾಯುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಮನೆಯಲ್ಲಿ ತಗಡಿನ ಕೂಲರ್ ಇದ್ದರೆ ಮೊದಲ ಖರ್ಚು ಅದಕ್ಕೇ ಆಗಲಿ. ಕೂಲರ್ ಓಡುತ್ತಿರುವಾಗ ಪೈಪ್ ಹಿಡಿದು ನೀರು ತುಂಬುವುದನ್ನಂತೂ ಬಿಡಲೇಬೇಕು.

ಕಡೆಗೆ ಫ್ಯಾನ್

ಫ್ಯಾನ್ ನಿಧಾನ ಎಂಬ ದೂರಿಗೆ ಮೊದಲ ಪ್ರಶ್ನೆ: ಯಾವ ಹೊತ್ತಿಗೆ? ಸಂಜೆ ಏಳರಿಂದ ಹತ್ತರವರೆಗೆ ಮಾತ್ರ ನಿಧಾನ, ನಡುರಾತ್ರಿ ತಾನಾಗಿ ಜೋರಾಗುತ್ತದೆ ಎಂದರೆ ವೋಲ್ಟೇಜ್ ಕಡಿಮೆ. ಮೋಟರಿನ ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇರಬೇಕಾದಲ್ಲಿ 170 ಬಂದರೆ ಬಲ ಅರ್ಧಕ್ಕಿಂತ ತುಸು ಮೇಲೆ ಉಳಿಯುತ್ತದೆ. ಅದಕ್ಕೆ ಕೆಪಾಸಿಟರ್ (ಮೋಟರ್ ಶುರುವಾಗಲು ನೆರವಾಗುವ ಪುಟ್ಟ ಡಬ್ಬಿ) ಬದಲಿಸಿ ಪ್ರಯೋಜನವಿಲ್ಲ. ಮೂರು ನಾಲ್ಕು ಸಂಜೆ ವೋಲ್ಟ್ ಮೀಟರಿನಲ್ಲಿ ಎಷ್ಟು ತೋರಿಸಿತು ಎಂದು ಹೊತ್ತಿನ ಸಮೇತ ಬರೆದಿಟ್ಟುಕೊಂಡು ಕರೆಂಟಿನ ಸಹಾಯವಾಣಿ 1912ಕ್ಕೆ ದೂರು ಕೊಡಿ, ಓಣಿಯವರೆಲ್ಲ ಸೇರಿ ಕೊಟ್ಟರೆ ಇನ್ನೂ ಒಳ್ಳೆಯದು. ಕರೆಂಟ್ ಹೋದಾಗ ಇನ್ವರ್ಟರಿನಲ್ಲಿ ಮಾತ್ರ ಗುಂಯ್‌ಗುಟ್ಟುತ್ತದೆ ಎಂದರೆ ಅದು ಸ್ಕ್ವೇರ್ ವೇವ್ ಇನ್ವರ್ಟರಿನ ಗುಣ; ಅದು ಕೊಡುವ ಕರೆಂಟ್ ಲೈನಿನ ಕರೆಂಟಿನಷ್ಟು ನಯವಾಗಿರುವುದಿಲ್ಲ. ಮೋಟರೂ ಪಂಪೂ ಬೇಗ ಕಾಯುತ್ತವೆ, ಹೆಚ್ಚು ಹೊತ್ತು ಓಡಿಸಬೇಡಿ.

ಇಡೀ ದಿನ ನಿಧಾನ ಇದ್ದರೆ ಪ್ಲಗ್ ಕಿತ್ತು ಕೈಯಿಂದ ರೆಕ್ಕೆ ತಿರುಗಿಸಿ. ಹಗುರವಾಗಿ ನಾಲ್ಕೈದು ಸುತ್ತು ಹೋಗಿ ನಿಲ್ಲಬೇಕು. ಬಿಗಿ ಇದ್ದರೆ ಅಚ್ಚು ತಿರುಗುವ ಬುಷ್ ಒಣಗಿದೆ: ಹೊಲಿಗೆ ಮಷಿನ್ನಿನ ಎಣ್ಣೆ ಎರಡು ಹನಿ. ಕೊಬ್ಬರಿ ಎಣ್ಣೆ ಬಿಟ್ಟರೆ ಮೊದಲು ಜಾರುತ್ತದೆ, ಆಮೇಲೆ ಧೂಳು ಕಟ್ಟಿ ಅಂಟಾಗುತ್ತದೆ. ಕೈಗೆ ಹಗುರ, ಆದರೆ ಕರೆಂಟ್ ಕೊಟ್ಟರೆ ಹೂಂಗುಟ್ಟಿ ನಿಲ್ಲುತ್ತದೆ, ಒಣ ಕಟ್ಟಿಗೆ ಕಡ್ಡಿಯಿಂದ ನೂಕಿದರೆ ತಿರುಗುತ್ತದೆ ಎಂದರೆ ಕೆಪಾಸಿಟರ್ ಹೋಗಿದೆ. ಅದರ ಮೈಮೇಲೆ 4 ಅಥವಾ 6 ಎಂದು ಮೈಕ್ರೋಫ್ಯಾರಡ್ ಬರೆದಿರುತ್ತದೆ, ಅದೇ ಅಂಕಿಯದನ್ನೇ ತನ್ನಿ. ಇನ್ನೂ ಜೋರು ತಿರುಗಲಿ ಎಂದು ಹೆಚ್ಚಿನದು ಹಾಕಿದರೆ ಮೋಟರಿನೊಳಗಿನ ತಂತಿಸುರುಳಿ, ಅಂದರೆ ವೈಂಡಿಂಗ್, ಕಾಯುತ್ತದೆ. ಬಿಚ್ಚುವ ಮೊದಲು ಅದರ ಎರಡು ತುದಿಯನ್ನು ಹಿಡಿಕೆಗೆ ಪ್ಲಾಸ್ಟಿಕ್ ಇರುವ ಸ್ಕ್ರೂಡ್ರೈವರಿನಿಂದ ಕೂಡಿಸಿ, ಒಳಗೆ ಉಳಿದ ಕರೆಂಟ್ ಹೋಗಲಿ.

ನೂಕಿದರೂ ತಿರುಗುವುದಿಲ್ಲ, ಹತ್ತು ನಿಮಿಷಕ್ಕೆ ಮೋಟರ್ ಮುಟ್ಟಲಾಗದಷ್ಟು ಸುಡುತ್ತದೆ, ಸುಟ್ಟ ವಾರ್ನಿಷಿನ ಕಮಟು ಬರುತ್ತದೆ ಎಂದರೆ ಮಾತ್ರ ವೈಂಡಿಂಗ್ ಹೋಗಿದೆ ಎನ್ನಿ. ಪ್ಲಾಸ್ಟಿಕ್ಕಿನ ಸಣ್ಣ ಕೂಲರಿಗೆ ಹೊಸ ಮೋಟರ್ ಹಾಕಿಸುವುದೇ ಲಾಭ. ತಗಡಿನ ದೊಡ್ಡ ಕೂಲರಿನ ಹಳೆಯ ತಾಮ್ರದ ಮೋಟರನ್ನು ವೈಂಡಿಂಗ್ ಮಾಡಿಸಬಹುದು, ಆದರೆ ತಾಮ್ರವೋ ಅಲ್ಯೂಮಿನಿಯಮ್ಮೋ ಎಂದು ಮೊದಲೇ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಎರಡರ ದರ ಒಂದೇ ಅಲ್ಲ. ವೈಂಡಿಂಗ್ ಆಗಿ ಬಂದ ಮೋಟರ್ ಹಚ್ಚಿದ ಕೂಡಲೇ ಕೂಲರಿನ ಬೆನ್ನಿಗೆ, ಪ್ಯಾಡಿನ ಜಾಳಿಗೆ ಒಂದು ಹಾಳೆ ಕಾಗದ ತಾಗಿಸಿ. ಅದು ಅಂಟಿಕೊಂಡು ನಿಲ್ಲಬೇಕು. ಕಾಗದ ದೂರ ಹಾರಿದರೆ ತಂತಿ ಅದಲುಬದಲಾಗಿ ಫ್ಯಾನ್ ಉಲ್ಟಾ ತಿರುಗುತ್ತಿದೆ. ದುಡ್ಡು ಕೊಡುವ ಮೊದಲೇ ಅಲ್ಲೇ ಸರಿ ಮಾಡಿಸಿಕೊಳ್ಳಿ.